ವೇಗದ ಜೋಡಿದೋಣಿ: ಒಡಲು, ಮೋಟಾರು, ಬ್ಯಾಟರಿಗಳ ಆಯ್ಕೆ

'ಕಟ್ಟುಮರಂ' ಎಂಬ ತಮಿಳು ಮಾತು ಇಂಗ್ಲಿಷಿಗೆ ವಲಸೆ ಹೋಗಿ, ಕ್ಯಾಟಮರಾನ್ ಎಂಬ ಹೊಸ ವೇಷ ತೊಟ್ಟು ಮತ್ತೆ ನಮ್ಮ ಬಳಿಗೆ ಬಂದಿದೆ. ಮೂಲದಲ್ಲಿ ಅದು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ತೆಪ್ಪ. ಚೋಳಮಂಡಲ ತೀರದ ಬೆಸ್ತರು ಅಲೆಯನ್ನು ಸೀಳಿ ಕಡಲಿಗಿಳಿಯಲು ಬಳಸುತ್ತಿದ್ದ ಸಾಧನ. ಅದರಲ್ಲಿ ಎರಡು ಒಡಲುಗಳೆಂಬ ಕಲ್ಪನೆಯೇ ಇರಲಿಲ್ಲ. ಎರಡು ದೋಣಿಗಳನ್ನು ಅಕ್ಕಪಕ್ಕ ನಿಲ್ಲಿಸಿ ನಡುವೆ ಅಟ್ಟ ಕಟ್ಟಿದ ರಚನೆಗೆ ಪಾಶ್ಚಾತ್ಯರು ಆ ಹೆಸರನ್ನು ಅಂಟಿಸಿದ್ದು ಆಮೇಲಿನ ಸಂಗತಿ. ಹಾಗೆ ನೋಡಿದರೆ, ಸೇತುವೆಗಳಿಲ್ಲದ ಕಾಲದಲ್ಲಿ ನಮ್ಮ ಕರಾವಳಿಯ ಹೊಳೆಗಳಲ್ಲಿ ಬಸ್ಸು ಕಾರುಗಳನ್ನು ದಾಟಿಸುತ್ತಿದ್ದ ಜಂಗಲ್ ಈ ಹೆಸರಿಗೆ ಹೆಚ್ಚು ಅರ್ಹವಾದುದು. 1876ರಲ್ಲಿ ಅಮೆರಿಕದ ನೆಥಾನಿಯಲ್ ಹೆರೆಶಾಫ್ ಎಂಬ ದೋಣಿಶಿಲ್ಪಿ 'ಅಮರಿಲಿಸ್' ಎಂಬ ಜೋಡಿ ಒಡಲಿನ ಹಾಯಿದೋಣಿಯನ್ನು ಕಟ್ಟಿ, ನ್ಯೂಯಾರ್ಕಿನ ಪಂದ್ಯದಲ್ಲಿ ಒಂಟಿ ಒಡಲಿನ ದೋಣಿಗಳನ್ನು ಹಿಂದಿಕ್ಕಿದ ಮೇಲೆ, ಈ ರಚನೆಗೆ ವೇಗದೊಡನೆ ನಂಟು ಬೆಳೆಯಿತು.

ರೇಡಿಯೋ ಅಲೆಗಳಿಂದ ದೂರದಲ್ಲಿದ್ದೇ ದೋಣಿ ನಡೆಸುವ ವಿದ್ಯೆಯೂ ಹೊಸತಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅದನ್ನು ಜನರೆದುರು ಪ್ರದರ್ಶಿಸಿ, ಅದೇ ವರ್ಷ ನವೆಂಬರಿನಲ್ಲಿ ಪೇಟೆಂಟ್ ಪಡೆದನು. ಆ ದೋಣಿಯೂ ಬ್ಯಾಟರಿಯಿಂದಲೇ ಓಡುತ್ತಿತ್ತು ಎಂಬುದು ಗಮನಾರ್ಹ.

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಇಂಥದೊಂದು ವಿಷಯಕ್ಕೆ ಎಡೆಯೇಕೆ ಎಂಬ ಪ್ರಶ್ನೆ ಸಹಜ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಕೊಲ್ಲಿ ರಾಷ್ಟ್ರಗಳಲ್ಲಿ, ಬೆಂಗಳೂರು ಮುಂಬಯಿಗಳಲ್ಲಿ ನೆಲೆಸಿದ್ದಾರೆ. ರಜೆಯಲ್ಲಿ ಊರಿಗೆ ಬರುವಾಗ ಮಕ್ಕಳಿಗೂ ಸೋದರಳಿಯಂದಿರಿಗೂ ಇಂಥ ದೋಣಿಗಳನ್ನು ತಂದುಕೊಡುವುದು, ಇಲ್ಲವೇ ಬಿಡಿಭಾಗಗಳನ್ನು ತರಿಸಿ ಮಕ್ಕಳೊಡನೆ ಕೂತು ಜೋಡಿಸುವುದು ಈಗ ಅಪರೂಪವೇನೂ ಅಲ್ಲ. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರವನ್ನೂ ದೊಡ್ಡ ಅಂಕೆಗಳನ್ನೂ ನಂಬಿ ಕೊಂಡರೆ ಆ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದು. ಹಣ ಹೋದರೆ ಹೋಯಿತೆನ್ನಬಹುದು. ಈ ಯಂತ್ರಕ್ಕೆ ಬೆಂಕಿ ಹೊತ್ತಿಸುವ ಶಕ್ತಿಯೂ ಬೆರಳು ಕತ್ತರಿಸುವ ಶಕ್ತಿಯೂ ಉಂಟು. ಇನ್ನೊಂದು ಮಾತು. ವಿಭವಾಂತರ, ವಿದ್ಯುತ್ಪ್ರವಾಹ, ರೋಧ, ಚಲನಶಕ್ತಿ ಎಂದು ಕರಿಹಲಗೆಯಿಂದ ಬರೆದುಕೊಂಡು ಉರುಹೊಡೆದವರಿಗೆ, ಆ ಪದಗಳು ಇಷ್ಟು ಚೊಕ್ಕಟವಾಗಿ ಕೆಲಸ ಮಾಡುವುದು ಬೇರೆ ಕಡೆ ಕಾಣಸಿಗದು.

ಎರಡು ಒಡಲುಗಳ ಗುಣ

ಮೊದಲು ಒಂದು ವ್ಯತ್ಯಾಸವನ್ನು ತಿಳಿಯಬೇಕು. 2017ರ ಜನವರಿಯಲ್ಲಿ ವೈಕಂ ಮತ್ತು ತವಣಕ್ಕಡವುಗಳ ನಡುವೆ ಓಡಾಟ ಆರಂಭಿಸಿದ 'ಆದಿತ್ಯ' ಎಂಬ ಸೌರದೋಣಿ, 2023ರ ಏಪ್ರಿಲಿನಲ್ಲಿ ಉದ್ಘಾಟನೆಗೊಂಡ ಕೊಚ್ಚಿ ಜಲಮೆಟ್ರೋದ ದೋಣಿಗಳು, ಇವೆಲ್ಲ ವಿದ್ಯುಚ್ಚಾಲಿತ ಜೋಡಿ ಒಡಲಿನವೇ. ಆದರೆ ಅಲ್ಲಿ ಒಡಲುಗಳು ತೆಳ್ಳಗೆ ನೀಳವಾಗಿದ್ದು, ನೀರನ್ನು ಮೆಲ್ಲನೆ ಸೀಳಿಕೊಂಡು ಮುಳುಗಿಯೇ ಸಾಗುತ್ತವೆ. ಜನರು ಒಂದು ಪಕ್ಕಕ್ಕೆ ಸರಿದರೂ ದೋಣಿ ವಾಲದಿರಬೇಕು, ಕಡಿಮೆ ವಿದ್ಯುತ್ತಿನಲ್ಲಿ ದೂರ ಹೋಗಬೇಕು ಎಂಬುದು ಆ ವಿನ್ಯಾಸದ ಗುರಿ. ನಮ್ಮ ಮಾದರಿ ದೋಣಿಯ ಗುರಿ ಇದಕ್ಕೆ ವಿರುದ್ಧ. ಅದು ನೀರಿನಿಂದ ಮೇಲೆದ್ದು ಓಡಬೇಕು. ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ಕೆರೆಯ ಮೇಲೆ ಎಸೆದರೆ ಅದು ಪುಟಿಯುತ್ತ ಹೋಗುವುದಲ್ಲವೆ? ಅದೇ ತತ್ತ್ವ. ವೇಗ ಏರಿದಂತೆ ನೀರು ತಳವನ್ನು ಮೇಲಕ್ಕೆ ಒತ್ತುತ್ತದೆ, ತೋಯುವ ಭಾಗ ಕುಗ್ಗುತ್ತದೆ, ಘರ್ಷಣೆ ಇಳಿಯುತ್ತದೆ.

ಜೋಡಿ ಒಡಲಿನ ವಿಶೇಷವಿರುವುದು ಅವುಗಳ ನಡುವಿನ ಸುರಂಗದಲ್ಲಿ. ನಮ್ಮ ಗುಡ್ಡಗಳ ಸುರಂಗದಲ್ಲಿ ನೀರು ಹರಿದು ಬರುವುದಾದರೆ ಈ ಸುರಂಗದಲ್ಲಿ ಗಾಳಿ ನುಗ್ಗುತ್ತದೆ. ಕೆಳಗೆ ನೀರು, ಮೇಲೆ ಅಟ್ಟ, ಎರಡು ಕಡೆ ಗೋಡೆ. ಹೀಗೆ ಸಿಕ್ಕಿಬಿದ್ದ ಗಾಳಿ ಅಟ್ಟವನ್ನು ಎತ್ತಿಹಿಡಿಯುತ್ತದೆ. ಎರಡು ಒಡಲುಗಳು ದೂರದೂರ ಇರುವುದರಿಂದ, ಪ್ರೊಪೆಲ್ಲರು ಒಂದು ಕಡೆಗೆ ತಿರುಗುವಾಗ ದೋಣಿಯನ್ನು ಮತ್ತೊಂದು ಕಡೆಗೆ ಮಗುಚಲು ಯತ್ನಿಸುವ ಬಲವನ್ನೂ ಅದು ಸುಲಭವಾಗಿ ತಾಳಿಕೊಳ್ಳುತ್ತದೆ. ಒಂಟಿ ಒಡಲಿನ ದೋಣಿ ಇಲ್ಲಿ ಸೋಲುತ್ತದೆ. ಅದು ಪಕ್ಕಕ್ಕೆ ಹೊಯ್ದಾಡುತ್ತ ಓಡುತ್ತದೆ.

ಆದರೆ ಎತ್ತಿಹಿಡಿದ ಗಾಳಿಯೇ ಎತ್ತಿಯೂ ಹಾಕೀತು. ಎದುರುಗಾಳಿ ಬೀಸಿದಾಗ, ಅಥವಾ ಮೂತಿ ಒಂದು ಕಿರುಅಲೆಯ ಮೇಲೇರಿದಾಗ, ಗಾಳಿಯೊತ್ತಡ ಮುಂಭಾಗದಡಿ ಹೆಚ್ಚಿ ದೋಣಿ ಹಿಮ್ಮುಖವಾಗಿ ಲಾಗ ಹೊಡೆಯುತ್ತದೆ. ಒಂಟಿ ಒಡಲಿನ ದೋಣಿಗಳಲ್ಲಿ ಕೆಲವು ಮಗುಚಿದರೂ ತಾವೇ ನೆಟ್ಟಗಾಗುವಂತೆ ಮಾಡಿರುತ್ತಾರೆ. ಅಗಲವಾದ ಜೋಡಿದೋಣಿ ಸಾಮಾನ್ಯವಾಗಿ ಹಾಗೆ ಏಳದು. ಅಂಗಾತ ಬಿದ್ದ ಆಮೆಯಂತೆ ತೇಲುತ್ತಿರುತ್ತದೆ, ಯಾರಾದರೂ ಹೋಗಿ ತರಬೇಕು. ಆದ್ದರಿಂದ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಮೋಟಾರಿನದಲ್ಲ, ನೀರಿನದು. ಡಿಸೆಂಬರದ ಹೊತ್ತಿಗೆ ತೋಡುಗಳಿಗೆ ಅಡ್ಡವಾಗಿ ಕಟ್ಟ ಹಾಕಿದಾಗ ಹಿಂದೆ ನಿಲ್ಲುವ ತಿಳಿನೀರು, ಅಗಲವಾದ ಮದಕ, ಮುಂಜಾನೆಯ ಗಾಳಿಯಿಲ್ಲದ ಹೊತ್ತು, ಇವು ಜೋಡಿದೋಣಿಗೆ ಹೇಳಿ ಮಾಡಿಸಿದ ಸಂದರ್ಭಗಳು. ಅಳಿವೆಯ ಬಳಿ ಮಧ್ಯಾಹ್ನದ ಗಾಳಿಗೆ ನೀರು ಕಲಕುವಲ್ಲಿ ಓಡಿಸುವುದೇ ನಿಶ್ಚಯವಾದರೆ ಒಂಟಿ ಒಡಲಿನದನ್ನೇ ಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಉಪ್ಪುನೀರಿನಲ್ಲಿ ಓಡಿಸಿದ ದಿನ ಸಿಹಿನೀರಿನಿಂದ ತೊಳೆಯದಿದ್ದರೆ ಉಕ್ಕಿನ ದಂಡವೂ ಬೇರಿಂಗುಗಳೂ ಬೇಗನೆ ತುಕ್ಕು ಹಿಡಿಯುತ್ತವೆ.

ಉದ್ದವೂ ಇಲ್ಲಿ ಮುಖ್ಯ. ಉದ್ದ ಹೆಚ್ಚಿದಷ್ಟೂ ಕಿರುಅಲೆಗಳನ್ನು ಲೆಕ್ಕಿಸದೆ ಸಾಗುವ ಗುಣ ಹೆಚ್ಚು. ಜೊತೆಗೆ ಬೆಲೆಯೂ ಬೇಕಾದ ನೀರಿನ ವಿಸ್ತಾರವೂ ಹೆಚ್ಚು. ಜೋಡಿಸಿಯೇ ಸಿಗುವ ದೋಣಿಗಳಲ್ಲಿ ಪ್ರೋಬೋಟ್ ಕಂಪೆನಿಯ ಬ್ಲ್ಯಾಕ್‌ಜಾಕ್ ಮಾಲಿಕೆ ಹೆಸರಾದುದು. ಹೆಸರಿನ ಮುಂದಿನ 24, 29, 42 ಎಂಬ ಅಂಕೆಗಳು ಇಂಚಿನಲ್ಲಿ ಅವುಗಳ ಉದ್ದವನ್ನು ಸೂಚಿಸುತ್ತವೆ. ಮೊದಲ ದೋಣಿಗೆ 29–30 ಇಂಚು, ಅಂದರೆ ಸುಮಾರು 75 ಸೆಂ.ಮೀ. ಹದವಾದ ಅಳತೆ. ಮುಂದಿನ ಲೆಕ್ಕಗಳಿಗೆಲ್ಲ ಅಂಥದೇ ಒಂದು ದೋಣಿಯನ್ನು, ಬ್ಯಾಟರಿ ಸಹಿತ 2.5 ಕಿ.ಗ್ರಾಂ. ತೂಗುವುದೆಂದು ಇಟ್ಟುಕೊಳ್ಳೋಣ.

ಸುತ್ತು, ತಿರುಪು, ಹೊರೆ

ಇಂದಿನ ವೇಗದ ದೋಣಿಗಳಲ್ಲಿ ಬಳಸುವುದು ಬ್ರಷ್‌ರಹಿತ ಮೋಟಾರು. ಇಂಗಾಲದ ಬ್ರಷ್‌ಗಳ ಸವೆತವಿಲ್ಲ, ಕಿಡಿಯಿಲ್ಲ. ಅದರ ಮೇಲಿನ ಅಂಕೆಗಳಲ್ಲಿ 3674 ಎಂದಿದ್ದರೆ ವ್ಯಾಸ 36 ಮಿ.ಮೀ., ಉದ್ದ 74 ಮಿ.ಮೀ. ಎಂದರ್ಥ. ಅದರ ಪಕ್ಕದಲ್ಲಿ 2000 ಕೆ.ವಿ. ಎಂದಿರುತ್ತದೆ. ಇದನ್ನು ಕಂಡು ವಿದ್ಯುತ್ ಮಂಡಳಿಯ ಕಿಲೋವೋಲ್ಟ್ ಎಂದು ಬೆಚ್ಚಬೇಕಾಗಿಲ್ಲ. ಹೊರೆಯಿಲ್ಲದಾಗ ಒಂದೊಂದು ವೋಲ್ಟಿಗೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವುದೆಂಬ ಗುಣಾಂಕವಷ್ಟೇ ಅದು.

ಲಿಥಿಯಂ ಪಾಲಿಮರ್, ಬಳಕೆಯ ಮಾತಿನಲ್ಲಿ ಲಿಪೋ, ಬ್ಯಾಟರಿಯ ಒಂದು ಕೋಶದ ಸರಾಸರಿ ವಿಭವಾಂತರ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2. ನಾಲ್ಕು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದ್ದು 4 ಎಸ್, ಅಂದರೆ 14.8 ವೋಲ್ಟ್. 2000ದಿಂದ ಗುಣಿಸಿದರೆ ನಿಮಿಷಕ್ಕೆ 29,600 ಸುತ್ತು. ಹವ್ಯಾಸಿಗಳ ದೋಣಿಗೆ 25ರಿಂದ 30 ಸಾವಿರ ಸುತ್ತು ಸಾಕಷ್ಟಾಯಿತು. ಹೊರೆ ಬಿದ್ದಾಗ ಇದು ಶೇಕಡಾ 80ಕ್ಕೆ ಇಳಿಯುವುದೆಂದು ಹಿಡಿದರೆ 23,680 ಉಳಿಯುತ್ತದೆ.

ಈಗ ಪ್ರೊಪೆಲ್ಲರು. ಅದರ ವ್ಯಾಸ 42 ಮಿ.ಮೀ., ಪಿಚ್ ಅನುಪಾತ 1.4 ಎಂದಿರಲಿ, ಆಕ್ಟುರಾ ಎಂಬ ಅಮೆರಿಕದ ತಯಾರಿಕೆಯಲ್ಲಿ ಎಕ್ಸ್ 442 ಎಂಬ ಹೆಸರೇ ಇವೆರಡನ್ನೂ ಹೇಳುತ್ತದೆ. ಪಿಚ್ ಎಂದರೆ, ತಿರುಪುಮೊಳೆ ಮರದಲ್ಲಿ ಇಳಿಯುವಂತೆ, ಜಾರದೆ ಒಂದು ಸುತ್ತು ತಿರುಗಿದಾಗ ಪ್ರೊಪೆಲ್ಲರು ಮುಂದೆ ಸಾಗುವ ದೂರ. 42ನ್ನು 1.4ರಿಂದ ಗುಣಿಸಿದರೆ 58.8 ಮಿ.ಮೀ. ಇದನ್ನು 23,680ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 1,392 ಮೀಟರು, ಗಂಟೆಗೆ 83.5 ಕಿ.ಮೀ. ನೀರು ಮರದಂತೆ ಗಟ್ಟಿಯಲ್ಲವಾದ್ದರಿಂದ ಜಾರಿಕೆಗೆಂದು ಶೇಕಡಾ 15ರಿಂದ 20 ಕಳೆಯಬೇಕು. ಉಳಿಯುವುದು ಗಂಟೆಗೆ 67ರಿಂದ 71 ಕಿ.ಮೀ. ಪೆಟ್ಟಿಗೆಯ ಮೇಲೆ ಯಾವ ವೇಗವನ್ನು ಅಚ್ಚು ಹಾಕಿದ್ದರೂ ಐದನೆಯ ತರಗತಿಯ ಗುಣಾಕಾರದಿಂದ ಅದನ್ನು ಒರೆಗೆ ಹಚ್ಚಬಹುದು.

ಇಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ವೇಗ ಸಾಲದೆಂದು ಹುಡುಗರು ಮೊದಲು ಮಾಡುವ ಕೆಲಸ ದೊಡ್ಡ ಪ್ರೊಪೆಲ್ಲರು ಹಾಕುವುದು. 42ರ ಬದಲು 45 ಮಿ.ಮೀ.; ಮೂರು ಮಿ.ಮೀ. ತಾನೆ ಎಂದು ತೋರುತ್ತದೆ. ಒಂದೇ ಆಕಾರದ ಪ್ರೊಪೆಲ್ಲರುಗಳು ಅಷ್ಟೇ ಸುತ್ತಿನಲ್ಲಿ ಬೇಡುವ ಸಾಮರ್ಥ್ಯವು ವ್ಯಾಸದ ಐದನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 45ನ್ನು 42ರಿಂದ ಭಾಗಿಸಿ ಐದು ಸಲ ಗುಣಿಸಿ ನೋಡಿ: 1.41. ವ್ಯಾಸ ಶೇಕಡಾ 7 ಹೆಚ್ಚಿತು, ಹೊರೆ ಶೇಕಡಾ 41 ಹೆಚ್ಚಿತು. ಸುತ್ತಿನ ಸಂಖ್ಯೆಯಾದರೆ ಮೂರನೆಯ ಘಾತ. ಮೋಟಾರನ್ನು ಹಾಗೆಯೇ ಇಟ್ಟು 4 ಎಸ್ ಬ್ಯಾಟರಿಯ ಬದಲು 6 ಎಸ್ ಸಿಕ್ಕಿಸಿದರೆ ವಿಭವಾಂತರ ಒಂದೂವರೆ ಪಟ್ಟು, 1.5ರ ಘನ 3.375. ಅಂದರೆ ಆ ಸುತ್ತನ್ನು ತಲುಪಲು ಮೂರುಪಟ್ಟಿಗೂ ಮಿಕ್ಕಿದ ಸಾಮರ್ಥ್ಯ ಬೇಕು. ಅಷ್ಟು ಕೊಡಲು ಮೋಟಾರಿಗೆ ಆಗದು. ಆದರೂ ಕೊಡಲು ಯತ್ನಿಸಿ ಸುಟ್ಟುಹೋಗುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಗಳು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತವೆ. ಒಮ್ಮೆ ಹೋದ ಬಲ ತಣಿದ ಮೇಲೂ ಪೂರ್ತಿ ಮರಳದು.

ಹಾಗಾದರೆ 6 ಎಸ್ ಬೇಡವೇ? ಬೇಕು, ಆದರೆ ಮೋಟಾರನ್ನು ಅದಕ್ಕೆ ಹೊಂದಿಸಿಕೊಂಡು. 29,600 ಸುತ್ತುಗಳನ್ನು 22.2 ವೋಲ್ಟಿನಿಂದ ಭಾಗಿಸಿದರೆ ಸುಮಾರು 1,333 ಕೆ.ವಿ.ಯ ಮೋಟಾರು ಬೇಕಾಗುತ್ತದೆ. ಇದರ ಲಾಭವನ್ನು ನೋಡಿ. 1,480 ವ್ಯಾಟ್ ಸಾಮರ್ಥ್ಯಕ್ಕೆ 14.8 ವೋಲ್ಟಿನಲ್ಲಿ 100 ಆಂಪಿಯರ್ ಹರಿಯಬೇಕು, 22.2 ವೋಲ್ಟಿನಲ್ಲಿ 67 ಸಾಕು. ತಂತಿಯಲ್ಲಿ ಹುಟ್ಟುವ ಬಿಸಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದೇ ತಂತಿಗಳಲ್ಲಿ ನಷ್ಟ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ಗುಡ್ಡದ ಮೇಲಿನ ಗೋಪುರಗಳಲ್ಲಿ 110 ಕಿಲೋವೋಲ್ಟಿನ ತಂತಿ ಎಳೆದಿರುವುದೂ ಇದೇ ಕಾರಣಕ್ಕೆ. ಆದರೂ ಮೊದಲ ದೋಣಿಗೆ 4 ಎಸ್ ಸಾಕು ಎನ್ನುತ್ತೇನೆ. ಬ್ಯಾಟರಿಯ ಬೆಲೆ ಕಡಿಮೆ, ಮುಂದೆ ಪಂದ್ಯಗಳ ಕಡೆ ಮನಸ್ಸು ಹೋದರೂ ಅಮೆರಿಕದ ನಾಂಬಾ ಸಂಘದ ನಿಯಮಗಳಲ್ಲಿ 4 ಎಸ್‌ಗೆ 'ಪಿ', 6 ಎಸ್‌ಗೆ 'ಕ್ಯು' ಎಂದು ಬೇರೆಬೇರೆ ವರ್ಗಗಳೇ ಇವೆ.

ಎರಡು ಒಡಲಿಗೆ ಎರಡು ಮೋಟಾರು ಎಂಬ ಆಸೆಯೂ ಕೆಲವರಿಗೆ ಇರುತ್ತದೆ. ಒಂದು ಎಡಕ್ಕೂ ಒಂದು ಬಲಕ್ಕೂ ತಿರುಗಿದರೆ ಮಗುಚುವ ಬಲಗಳು ಪರಸ್ಪರ ಕಳೆದುಹೋಗುತ್ತವೆ, ನೋಡಲೂ ಚಂದ. ಖರ್ಚು ಮಾತ್ರ ಎಲ್ಲವೂ ಇಮ್ಮಡಿ. ಒಂದು ಮೀಟರಿಗಿಂತ ಚಿಕ್ಕ ದೋಣಿಗೆ ಅದು ಊಟಕ್ಕಿಂತ ಉಪ್ಪಿನಕಾಯಿಯೇ ಹೆಚ್ಚಾದಂತೆ.

ಬ್ಯಾಟರಿ ಮತ್ತು ನಿಯಂತ್ರಕ

ಬ್ಯಾಟರಿಯ ಮೇಲೆ 5000 ಮಿಲಿಆಂಪಿಯರ್ ಗಂಟೆ, 50 ಸಿ ಎಂದು ಬರೆದಿದ್ದರೆ, 5ನ್ನು 50ರಿಂದ ಗುಣಿಸಿ 250 ಆಂಪಿಯರ್ ಕೊಡಬಲ್ಲದೆಂದು ತಯಾರಕರ ಹೇಳಿಕೆ. ಈ 'ಸಿ' ಅಂಕೆಯನ್ನು ಕಣ್ಣುಮುಚ್ಚಿ ನಂಬಬಾರದು. ಬಹುಪಾಲು ತಯಾರಕರು ಅದನ್ನು ಉದಾರವಾಗಿಯೇ ಬರೆಯುತ್ತಾರೆ. ಸತ್ಯ ಹೇಳುವುದು ಆಂತರಿಕ ರೋಧ. ಪ್ರತಿ ಕೋಶಕ್ಕೆ 3 ಮಿಲಿಓಮ್ ಎಂದಾದರೆ ನಾಲ್ಕಕ್ಕೆ 12. ನೂರು ಆಂಪಿಯರ್ ಹರಿಯುವಾಗ 1.2 ವೋಲ್ಟ್ ಒಳಗೇ ಸೋರಿ, 120 ವ್ಯಾಟ್ ಬಿಸಿ ಹುಟ್ಟುತ್ತದೆ. ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು ಬಿಸಿ, ಗಾಳಿಯಾಡದ ಪೆಟ್ಟಿಗೆಯೊಳಗೆ. ಹಣ ಉಳಿಸುವುದಾದರೆ ಒಡಲಿನ ಬಣ್ಣದಲ್ಲಿ ಉಳಿಸಬಹುದು, ಬ್ಯಾಟರಿಯಲ್ಲಿ ಸಲ್ಲದು.

ಓಟದ ಅವಧಿಯನ್ನೂ ಮೊದಲೇ ಎಣಿಸಬಹುದು. 5 ಆಂಪಿಯರ್ ಗಂಟೆಯಲ್ಲಿ ಶೇಕಡಾ 80 ಮಾತ್ರ ಬಳಸುವುದು ಕ್ರಮ, ಅದು 4. ಸರಾಸರಿ 80 ಆಂಪಿಯರ್ ಎಳೆದರೆ ಸಿಗುವುದು ಮೂರೇ ನಿಮಿಷ. 'ಇಷ್ಟೇನಾ' ಎಂದು ಮಕ್ಕಳು ಮುಖ ಚಿಕ್ಕದು ಮಾಡಿಕೊಳ್ಳಬಹುದು, ಆದರೆ ಲೆಕ್ಕ ಲೆಕ್ಕವೇ. ದೂರನಿಯಂತ್ರಕದಲ್ಲಿ ಗಡಿಯಾರದ ಗಂಟೆ ಇಟ್ಟುಕೊಂಡು ನಿಲ್ಲಿಸಬೇಕು. ಕೋಶವೊಂದಕ್ಕೆ 3 ವೋಲ್ಟಿಗಿಂತ ಕೆಳಗಿಳಿದ ಲಿಪೋ ಕೆಟ್ಟಿತೆಂದೇ ತಿಳಿಯಬೇಕು.

ಮೋಟಾರಿಗೂ ಬ್ಯಾಟರಿಗೂ ನಡುವೆ ಕೂರುವ ವೇಗ ನಿಯಂತ್ರಕವನ್ನು ಅಂಗಡಿಯವರು ಇ.ಎಸ್.ಸಿ. ಎನ್ನುತ್ತಾರೆ. ನಮ್ಮ ಉದಾಹರಣೆಯ ದೋಣಿ ಸರಾಸರಿ 80 ಆಂಪಿಯರ್ ಎಳೆದರೂ ತಿರುವಿನಲ್ಲಿ, ಹೊರಡುವ ಕ್ಷಣದಲ್ಲಿ ಅದಕ್ಕಿಂತ ಬಹಳ ಮೇಲೇರುತ್ತದೆ. ಆದ್ದರಿಂದ ಒಂದೂವರೆ ಪಟ್ಟಾದರೂ, ಅಂದರೆ 120 ಆಂಪಿಯರಿನದು ಬೇಕು, 150ರದಾದರೆ ನಿಶ್ಚಿಂತೆ. ತಂತಿಯ ವಿಷಯದಲ್ಲಿ ಒಂದು ಸೂಕ್ಷ್ಮವುಂಟು: ಬ್ಯಾಟರಿ ಕಡೆಯ ತಂತಿಯನ್ನು ಎಂದಿಗೂ ಉದ್ದಮಾಡಬಾರದು. ನಿಯಂತ್ರಕ ಸೆಕೆಂಡಿಗೆ ಸಾವಿರಾರು ಸಲ ಪ್ರವಾಹವನ್ನು ಕಡಿದು ಬಿಡುವಾಗ ಉದ್ದ ತಂತಿಯ ಪ್ರೇರಕತ್ವದಿಂದ ವಿಭವಾಂತರ ಚಿಮ್ಮಿ, ಅದರೊಳಗಿನ ಕೆಪಾಸಿಟರುಗಳು ಸಿಡಿಯುತ್ತವೆ. ಉದ್ದ ಬೇಕೇ ಬೇಕಾದರೆ ಮೋಟಾರಿನ ಕಡೆಯ ತಂತಿಯನ್ನು ಉದ್ದಮಾಡಿಕೊಳ್ಳಬಹುದು.

ತಂಪು ಮಾಡುವ ಕೆಲಸ ಓಡುವ ನೀರಿನದೇ. ಚುಕ್ಕಾಣಿಯ ಅಂಚಿನ ರಂಧ್ರದಿಂದ ಒಳನುಗ್ಗಿದ ನೀರು ಕೊಳವೆಯಲ್ಲಿ ನಿಯಂತ್ರಕವನ್ನೂ ಮೋಟಾರಿನ ಸುತ್ತಿನ ಕವಚವನ್ನೂ ಸುತ್ತಿ ಪಕ್ಕದಿಂದ ಹೊರಗೆ ಚಿಮ್ಮುತ್ತದೆ. ಆ ಸಣ್ಣ ಧಾರೆ ದಡದಿಂದ ಕಾಣುತ್ತಿರಬೇಕು. ಕಾಣದಿದ್ದರೆ ರಂಧ್ರಕ್ಕೆ ಪಾಚಿಯೋ ಎಲೆಯೋ ಸಿಕ್ಕಿದೆ. ತಕ್ಷಣ ದಡಕ್ಕೆ ತರಬೇಕು. ಮೊದಲ ದಿನ ಒಂದು ನಿಮಿಷ ಓಡಿಸಿ, ಮುಚ್ಚಳ ತೆರೆದು, ಮೋಟಾರು, ನಿಯಂತ್ರಕ, ಬ್ಯಾಟರಿಗಳನ್ನು ಮುಟ್ಟಿ ನೋಡಿ. ಐದು ಎಣಿಸುವಷ್ಟು ಹೊತ್ತು ಬೆರಳಿಡಲಾಗದಿದ್ದರೆ ಪ್ರೊಪೆಲ್ಲರನ್ನು ಒಂದೆರಡು ಮಿ.ಮೀ. ಚಿಕ್ಕದು ಮಾಡಿ. ಐದನೆಯ ಘಾತ ಈಗ ನಿಮ್ಮ ಪಕ್ಷದಲ್ಲಿರುತ್ತದೆ.

ಹೊಂದಿಸುವ ಕೆಲಸ

ಭಾಗಗಳೆಲ್ಲ ಒಳ್ಳೆಯವೇ ಆಗಿದ್ದರೂ ಹೊಂದಿಕೆ ತಪ್ಪಿದರೆ ದೋಣಿ ಓಡದು. ಗುರುತ್ವಕೇಂದ್ರ ಹಿಂದಂಚಿನಿಂದ ಉದ್ದದ ಶೇಕಡಾ 30ರ ಆಸುಪಾಸಿನಲ್ಲಿರಲಿ; ನಮ್ಮ 75 ಸೆಂ.ಮೀ. ದೋಣಿಯಲ್ಲಿ ಅದು ಸುಮಾರು 22 ಸೆಂ.ಮೀ. ಬ್ಯಾಟರಿಯನ್ನು ವೆಲ್ಕ್ರೋ ಪಟ್ಟಿಯಿಂದ ಕಟ್ಟಿಕೊಂಡರೆ ಹಿಂದೆ ಮುಂದೆ ಸರಿಸಬಹುದು. ಮೂತಿ ಎದ್ದು ಲಾಗ ಹೊಡೆಯುವ ಲಕ್ಷಣ ಕಂಡರೆ ಒಂದೊಂದೇ ಸೆಂಟಿಮೀಟರು ಮುಂದಕ್ಕೆ, ನೀರಿಗಂಟಿಕೊಂಡು ಮಂದವಾದರೆ ಹಿಂದಕ್ಕೆ. ಪ್ರೊಪೆಲ್ಲರಿನ ದಂಡ ತಳಕ್ಕೆ ಸಮಾಂತರವಾಗಿ, ಅದರ ನಡುಗೆರೆ ತಳದ ಮಟ್ಟದಲ್ಲಿದ್ದರೆ ಓಟದಲ್ಲಿ ಪ್ರೊಪೆಲ್ಲರಿನ ಅರ್ಧವಷ್ಟೇ ನೀರಿನಲ್ಲಿರುತ್ತದೆ. ವೇಗದ ದೋಣಿಗಳಿಗೆ ಇದೇ ಬೇಕಾದುದು. ಮೋಟಾರಿನಿಂದ ಪ್ರೊಪೆಲ್ಲರಿಗೆ ಹೋಗುವುದು ಹೆಣೆದ ಉಕ್ಕಿನ ಬಾಗುದಂಡ. ಹೊರೆ ಬಿದ್ದಾಗ ಹೆಣಿಗೆ ಬಿಗಿದು ಅದು ಗಿಡ್ಡವಾಗುತ್ತದೆ. ಹಿಂದುಗಡೆ ದಂಡದ ದಪ್ಪದಷ್ಟು, ಅಂದರೆ 4–5 ಮಿ.ಮೀ. ಎಡೆ ಬಿಡದಿದ್ದರೆ ಅದು ಉಜ್ಜಿ ತುಂಡಾಗುತ್ತದೆ. ಪ್ರತಿ ಓಟದ ದಿನವೂ ಹೊರತೆಗೆದು ಒರೆಸಿ ಗ್ರೀಸು ಹಚ್ಚಬೇಕು.

ಆಕ್ಟುರಾದ ಬೆರಿಲಿಯಂ–ತಾಮ್ರದ ಪ್ರೊಪೆಲ್ಲರುಗಳು ಎರಕದ ರೂಪದಲ್ಲೇ ಬರುತ್ತವೆ. ಕೊಂಡವರೇ ಅಂಚು ಮಸೆದು ಸಮತೂಕ ಮಾಡಿಕೊಳ್ಳಬೇಕು. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಿಷ. ಮನೆಯ ಜಗಲಿಯಲ್ಲಿ ಮಕ್ಕಳ ನಡುವೆ ಕೂತು ಉಜ್ಜುವ ಕೆಲಸವಲ್ಲ ಅದು. ಮಕ್ಕಳ ದೋಣಿಗೆ ಯಂತ್ರದಲ್ಲೇ ಕಡೆದು ಸಿದ್ಧವಾಗಿ ಬರುವ ಅಲ್ಯೂಮಿನಿಯಂ ಪ್ರೊಪೆಲ್ಲರು ಸಾಕು.

ರೇಡಿಯೋ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಸಾಮರ್ಥ್ಯದ ಉಪಕರಣಗಳಿಗೆ ಭಾರತ ಸರಕಾರ 2005ರಲ್ಲಿ ಪರವಾನಗಿಯ ಅಗತ್ಯವನ್ನು ತೆಗೆದುಹಾಕಿತು. ಈ ಅಲೆಗಳು ನೀರನ್ನು ತೂರಲಾರವು; ದೋಣಿಯ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆ ನೆಟ್ಟಗಿರಬೇಕು. ಸಂಪರ್ಕ ಕಡಿದರೆ ಮೋಟಾರು ತಾನಾಗಿ ನಿಲ್ಲುವಂತೆ ಹೊಂದಿಸಿ, ದಡದಲ್ಲೇ ದೂರನಿಯಂತ್ರಕ ಆರಿಸಿ ಪರೀಕ್ಷಿಸಿದ ಮೇಲೆಯೇ ನೀರಿಗೆ ಬಿಡಬೇಕು. ಒಡಲಿನ ಖಾಲಿ ಜಾಗಗಳಲ್ಲಿ ಥರ್ಮೋಕೋಲ್ ತುಂಬಿದರೆ ತೂತಾದರೂ ಮುಳುಗದು.

ಈ ನಿಯಮ ಏಕೆಂದು ಒಂದು ಲೆಕ್ಕದಿಂದ ತಿಳಿಯುತ್ತದೆ. 2.5 ಕಿ.ಗ್ರಾಂ. ದೋಣಿ ಗಂಟೆಗೆ 68 ಕಿ.ಮೀ., ಅಂದರೆ ಸೆಕೆಂಡಿಗೆ 18.9 ಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 446 ಜೂಲ್. ಗಂಟೆಗೆ 140 ಕಿ.ಮೀ. ವೇಗದಲ್ಲಿ ಬರುವ 160 ಗ್ರಾಂ ಕ್ರಿಕೆಟ್ ಚೆಂಡಿನದು 121 ಜೂಲ್. ಮೂರೂವರೆ ಚೆಂಡುಗಳು ಒಟ್ಟಿಗೆ ಬಡಿದಂತೆ, ಜೊತೆಗೆ ತಿರುಗುವ ಅಲಗು. ಆದ್ದರಿಂದ ಈಜುವವರು, ಬಟ್ಟೆ ಒಗೆಯುವವರು, ಬಲೆ ಬೀಸಿದವರು ಇರುವಲ್ಲಿ ದೋಣಿ ಬಿಡಕೂಡದು. ದೂರನಿಯಂತ್ರಕವನ್ನು ಮೊದಲು ಚಾಲೂ ಮಾಡಿ ಬ್ಯಾಟರಿಯನ್ನು ಕಡೆಗೆ ಜೋಡಿಸಬೇಕು. ಬಿಚ್ಚುವಾಗ ಬ್ಯಾಟರಿ ಮೊದಲು. ಜೋಡಿಸಿದ ಕ್ಷಣದಿಂದ ಪ್ರೊಪೆಲ್ಲರಿನ ಬಳಿ ಕೈ ಸುಳಿಯಕೂಡದು. ಮಗುಚಿದ ದೋಣಿಯನ್ನು ತರಲು ಮಕ್ಕಳನ್ನು ನೀರಿಗಿಳಿಸದೆ, ಗಾಳದ ದಾರಕ್ಕೆ ಒಂದು ಚೆಂಡು ಕಟ್ಟಿ ಎಸೆದು ಎಳೆದುಕೊಳ್ಳುವುದು ಸುಲಭೋಪಾಯ.

ಬ್ಯಾಟರಿಗೆ ವಿದ್ಯುತ್ ತುಂಬುವಾಗ ಕೋಶಗಳನ್ನೆಲ್ಲ ಸಮವಾಗಿ ತುಂಬುವ ಚಾರ್ಜರೇ ಬೇಕು. 5 ಆಂಪಿಯರ್ ಗಂಟೆಯದಕ್ಕೆ 5 ಆಂಪಿಯರಿಗಿಂತ ಹೆಚ್ಚು ಹರಿಸಬಾರದು. ಅಡಕೆ ಸಿಪ್ಪೆ, ತೆಂಗಿನ ಮಡಲು ಒಟ್ಟಿದ ಕೊಟ್ಟಿಗೆಯಲ್ಲಾಗಲಿ, ರಾತ್ರಿ ಮಲಗಿದ ಮೇಲಾಗಲಿ ಈ ಕೆಲಸ ಕೂಡದು. ಸಿಮೆಂಟು ನೆಲದ ಮೇಲೆ, ಮಣ್ಣಿನ ಅಥವಾ ಲೋಹದ ಪಾತ್ರೆಯೊಳಗಿಟ್ಟು, ಎದುರಿಗೇ ಕೂತು ತುಂಬಿಸಬೇಕು. ಪಕ್ಕದಲ್ಲಿ ಒಂದು ಬಕೀಟು ಮರಳಿರಲಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು. ಮಳೆಗಾಲದ ನಾಲ್ಕು ತಿಂಗಳು ದೋಣಿ ಅಟ್ಟ ಸೇರುವುದಲ್ಲ. ಆಗ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು. ಕೋಶಕ್ಕೆ 3.8 ವೋಲ್ಟಿನಂತೆ ಇಟ್ಟು, ತೇವ ತಾಗದ ಡಬ್ಬಿಯಲ್ಲಿ ಮುಚ್ಚಿ, ತಿಂಗಳಿಗೊಮ್ಮೆ ಅಳೆದು ನೋಡುತ್ತಿದ್ದರೆ, ಮುಂದಿನ ಕಟ್ಟದ ನೀರು ನಿಲ್ಲುವ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ.